137 ಕಿಲೋಹರ್ಟ್ಸ್‌ನಲ್ಲಿ ವಿಸ್ಪರ್: ಸಿಗ್ನಲ್ ಕಾಣುತ್ತಿದೆ, ಡಿಕೋಡ್ ಆಗುತ್ತಿಲ್ಲ

ಉದ್ದಲೆ:

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿನಿಂದ ಬಿಡುವು ಸಿಕ್ಕಾಗಲೆಲ್ಲ ಹವ್ಯಾಸಿ ರೇಡಿಯೋದ 2200 ಮೀಟರ್ ಬ್ಯಾಂಡಿಗಾಗಿ (137 ಕಿಲೋಹರ್ಟ್ಸ್ ಆಸುಪಾಸು) ಒಂದು ಟ್ರಾನ್ಸ್‌ಮಿಟರ್ ಕಟ್ಟಿದ್ದೇನೆ. ಈಗ ಹತ್ತು ದಿನಗಳಿಂದ ಒಂದೇ ಜಾಗದಲ್ಲಿ ನಿಂತುಬಿಟ್ಟಿರುವುದರಿಂದ ನಿಮ್ಮ ಸಲಹೆ ಕೇಳುತ್ತಿದ್ದೇನೆ.

ನನ್ನ ಆಂಟೆನಾ 10 ಮೀಟರ್ ಎತ್ತರದ ಕಂಬದಿಂದ ಇಳಿದ ಒಂದು ತಂತಿ ಮತ್ತು ಅದರ ತುದಿಯಿಂದ ಅಡ್ಡಲಾಗಿ ಎಳೆದ 30 ಮೀಟರ್ ತಂತಿ. ಬುಡದಲ್ಲಿ 30 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಡ್ರಮ್ಮಿನ ಮೇಲೆ 190 ಸುತ್ತಿನ ಕಾಯಿಲ್ ಇದೆ. ಆವರ್ತನ ಹುಟ್ಟಿಸುವ ಎಸ್‌ಐ5351 ಸಿಂಥಸೈಸರ್ ಚಿಪ್, ಅದರ ಬಳಿಕ ಡ್ರೈವರ್, ನಂತರ ಎರಡು ಫೆಟ್‌ಗಳು (ಒಂದು ಬಗೆಯ ಟ್ರಾನ್ಸಿಸ್ಟರ್) ಸರದಿಯಂತೆ ಆನ್ ಆಗುವ ಪುಶ್-ಪುಲ್ ಕ್ಲಾಸ್-ಡಿ ಹಂತ, ಫೆರೈಟ್ ಟ್ರಾನ್ಸ್‌ಫಾರ್ಮರ್, ಲೋ-ಪಾಸ್ ಫಿಲ್ಟರ್, ಇಷ್ಟೇ ವ್ಯವಸ್ಥೆ. ಹೊರಬರುವ ಶಕ್ತಿ ಸುಮಾರು 40 ವ್ಯಾಟ್. ಆಂಟೆನಾದ ಬುಡದಲ್ಲಿ ಅಳೆದ ಪ್ರವಾಹ 0.8 ಆಂಪಿಯರ್.

ಮೊದಲು ಕ್ಯೂಆರ್‌ಎಸ್‌ಎಸ್‌3, ಅಂದರೆ ಒಂದೊಂದು ಚುಕ್ಕೆಗೆ 3 ಸೆಕೆಂಡ್ ಹಿಡಿಯುವ ನಿಧಾನ ಮೋರ್ಸ್ ಕಳುಹಿಸಿದೆ. 90 ಕಿಲೋಮೀಟರ್ ದೂರದಲ್ಲಿರುವ ನನ್ನ ಗೆಳೆಯರು ಹಗಲಿನಲ್ಲೇ ಅದನ್ನು ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಓದಿದರು. ಅದೇ ಉತ್ಸಾಹದಲ್ಲಿ ವಿಸ್ಪರ್‌ಗೆ (WSPR, ಬಹಳ ಕ್ಷೀಣ ಸಿಗ್ನಲನ್ನೂ ಕಂಪ್ಯೂಟರ್ ಓದಬಲ್ಲ ನಿಧಾನ ಡಿಜಿಟಲ್ ಮೋಡ್) ಬದಲಾಯಿಸಿದೆ. ನನ್ನ ಸಿಗ್ನಲಿನ ಗೆರೆ ಅವರ ವಾಟರ್‌ಫಾಲಿನಲ್ಲಿ (ಸಮಯ ಸರಿದಂತೆ ಆವರ್ತನಗಳನ್ನು ತೋರಿಸುವ ಪರದೆಯ ಚಿತ್ರ) ಸ್ಪಷ್ಟವಾಗಿ ಕಾಣಿಸುತ್ತದೆ, 137.5 ಕಿಲೋಹರ್ಟ್ಸ್‌ನಲ್ಲೇ ಇದೆ, ಸಮಯವನ್ನು ಜಿಪಿಎಸ್‌ನಿಂದ ಪಡೆಯುತ್ತಿದ್ದೇನೆ. ಆದರೂ ಹತ್ತು ದಿನಗಳಲ್ಲಿ ಒಂದೇ ಒಂದು ಡಿಕೋಡ್ ಬಂದಿಲ್ಲ. ಶಕ್ತಿ ಸಾಲದು ಎಂದು ತೋರಿ 400 ವ್ಯಾಟ್ ಹಂತವೊಂದನ್ನು ಕಟ್ಟಲು ಹೊರಟಿದ್ದೇನೆ. ಅಷ್ಟು ಶಕ್ತಿಗೆ ಎಂಥ ಫೆಟ್ ಮತ್ತು ಎಂಥ ಟ್ರಾನ್ಸ್‌ಫಾರ್ಮರ್ ಕೋರ್ ಬಳಸಬೇಕು, ತಿಳಿದವರು ದಯವಿಟ್ಟು ಹೇಳಿ.

ತಾಮ್ರತಂತಿ:

ಫೆಟ್ ಆರಿಸುವ ಮೊದಲು ನಿಮ್ಮ ಆಂಟೆನಾದ ಲೆಕ್ಕವನ್ನು ಒಮ್ಮೆ ಪೂರ್ತಿಯಾಗಿ ಮಾಡಿ ನೋಡೋಣ. ಈ ಬ್ಯಾಂಡಿನಲ್ಲಿ ಎಲ್ಲ ತೀರ್ಮಾನಗಳೂ ಆ ಲೆಕ್ಕದಿಂದಲೇ ಹುಟ್ಟಬೇಕು.

137.5 ಕಿಲೋಹರ್ಟ್ಸ್‌ನ ತರಂಗಾಂತರ ಸುಮಾರು 2180 ಮೀಟರ್. ಕಾಲು ತರಂಗದ ನೆಟ್ಟನೆಯ ಆಂಟೆನಾ ಬೇಕೆಂದರೆ 545 ಮೀಟರ್ ಎತ್ತರದ ಗೋಪುರ ಕಟ್ಟಬೇಕು. ನಿಮ್ಮಲ್ಲಿರುವುದು 10 ಮೀಟರ್. ನೆಟ್ಟನೆಯ ತಂತಿ ಮೀಟರಿಗೆ ಸುಮಾರು 6 ಪಿಕೋಫ್ಯಾರಡ್, ಅಡ್ಡ ತಂತಿ ಅದಕ್ಕಿಂತ ತುಸು ಕಡಿಮೆ ಧಾರಕತೆ ಕೊಡುತ್ತದೆ ಎಂದು ಹಿಡಿದರೆ ಒಟ್ಟು 230 ಪಿಕೋಫ್ಯಾರಡ್ ಆಸುಪಾಸಿಗೆ ಬರುತ್ತದೆ. ತುದಿಯ ಅಡ್ಡ ತಂತಿಯಿಂದಾಗಿ ಪ್ರವಾಹ ಕಂಬದುದ್ದಕ್ಕೂ ಬಹುಮಟ್ಟಿಗೆ ಒಂದೇ ಸಮನಾಗಿರುವುದರಿಂದ ಪರಿಣಾಮಕಾರಿ ಎತ್ತರ ಸುಮಾರು 8.7 ಮೀಟರ್. ಈ ಎತ್ತರವನ್ನು ತರಂಗಾಂತರದಿಂದ ಭಾಗಿಸಿ, ವರ್ಗ ಮಾಡಿ, 1580ರಿಂದ ಗುಣಿಸಿದರೆ ವಿಕಿರಣ ರೋಧ ಸಿಗುತ್ತದೆ: ಸುಮಾರು 25 ಮಿಲಿಓಮ್.

ಇನ್ನು 0.8 ಆಂಪಿಯರಿಗೆ 40 ವ್ಯಾಟ್ ಬೇಕಾಗುತ್ತಿದೆ ಎಂದರೆ ಒಟ್ಟು ರೋಧ 60 ಓಮ್‌ಗಿಂತ ಸ್ವಲ್ಪ ಹೆಚ್ಚು. ಆ 60 ಓಮ್‌ಗಳಲ್ಲಿ ನಿಜವಾಗಿ ಆಕಾಶಕ್ಕೆ ಹೋಗುವ ಪಾಲು 25 ಮಿಲಿಓಮ್ ಮಾತ್ರ, ಉಳಿದದ್ದೆಲ್ಲ ಮಣ್ಣನ್ನೂ ಕಾಯಿಲನ್ನೂ ಬಿಸಿ ಮಾಡುತ್ತದೆ. ನಿಮ್ಮ 40 ವ್ಯಾಟಿನಲ್ಲಿ ವಿಕಿರಣವಾಗುವುದು 16 ಮಿಲಿವ್ಯಾಟ್. ಭೂಮಿಯ ಮೇಲಿನ ಗಿಡ್ಡ ಆಂಟೆನಾದ ಲಾಭ 3 ಪಟ್ಟು ಎಂದು ಸೇರಿಸಿದರೆ ಇಐಆರ್‌ಪಿ (ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಂಟೆನಾಕ್ಕೆ ಹೋಲಿಸಿ ಲೆಕ್ಕ ಹಾಕಿದ ವಿಕಿರಣ ಶಕ್ತಿ) ಸುಮಾರು 48 ಮಿಲಿವ್ಯಾಟ್.

2007ರ ವಿಶ್ವ ರೇಡಿಯೋ ಸಮ್ಮೇಳನ 135.7ರಿಂದ 137.8 ಕಿಲೋಹರ್ಟ್ಸ್ ಪಟ್ಟಿಯನ್ನು ಹವ್ಯಾಸಿಗಳಿಗೆ ದ್ವಿತೀಯಕ ನೆಲೆಯಲ್ಲಿ ಕೊಟ್ಟಾಗ ಇಐಆರ್‌ಪಿ 1 ವ್ಯಾಟ್ ಮೀರಬಾರದೆಂದು ಮಿತಿ ಹಾಕಿತು. ಆ ಮಿತಿಯನ್ನು ನಿಮ್ಮ ಆಂಟೆನಾದಿಂದ ಮುಟ್ಟಬೇಕಾದರೆ 3.65 ಆಂಪಿಯರ್, ಅಂದರೆ 800 ವ್ಯಾಟ್ ಬೇಕು. ಅಷ್ಟು ಪ್ರವಾಹಕ್ಕೆ ಕಾಯಿಲಿನ ತಲೆಯಲ್ಲಿ 18,000 ವೋಲ್ಟ್‌ಗಿಂತ ಹೆಚ್ಚು ಒತ್ತಡ ನಿಲ್ಲುತ್ತದೆ, ಏಕೆಂದರೆ 230 ಪಿಕೋಫ್ಯಾರಡ್ ಈ ಆವರ್ತನದಲ್ಲಿ 5000 ಓಮ್‌ಗಳ ಪ್ರತಿಘಾತ. 400 ವ್ಯಾಟಿಗೆ ಹೋದರೂ 13,000 ವೋಲ್ಟ್. ಪ್ಲಾಸ್ಟಿಕ್ ಡ್ರಮ್ಮು, ಕಂಬದ ತುದಿಯ ಇನ್ಸುಲೇಟರು, ಕಾಯಿಲಿನಿಂದ ತಂತಿ ಹೊರಡುವ ಜಾಗ, ಇವೆಲ್ಲ ಅದನ್ನು ತಡೆಯುತ್ತವೆಯೇ ಎಂಬುದು ಫೆಟ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ. ಮಕ್ಕಳೂ ಪ್ರಾಣಿಗಳೂ ಕಾಯಿಲಿನ ಹತ್ತಿರ ಸುಳಿಯದಂತೆ ಬೇಲಿ ಹಾಕುವುದಂತೂ ಈಗಿನ 4000 ವೋಲ್ಟಿಗೂ ಕಡ್ಡಾಯ.

ಹಳೆಯ ರಿಸೀವರ್:

ತಾಮ್ರತಂತಿಯವರ ಲೆಕ್ಕ ಸರಿಯಾಗಿದೆ, ಆದರೆ ಉದ್ದಲೆಯವರ ತೊಂದರೆಗೆ ಶಕ್ತಿ ಕಾರಣವಾಗಿರಲು ಸಾಧ್ಯವೇ ಇಲ್ಲ ಎಂದು ನನಗನ್ನಿಸುತ್ತದೆ. ಕಾರಣ ಇಷ್ಟೇ: ಗೆರೆ ಕಣ್ಣಿಗೆ ಕಾಣುತ್ತಿದೆ.

ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ಅವರು 2008ರಲ್ಲಿ ವಿಸ್ಪರನ್ನು ಹೊರತಂದದ್ದೇ ಕಿವಿಗೆ ಕೇಳದ, ವಾಟರ್‌ಫಾಲಿನಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಮಸುಕಾದ ಸಿಗ್ನಲನ್ನು ಓದುವುದಕ್ಕಾಗಿ. ಕರೆಚಿಹ್ನೆ, ಗ್ರಿಡ್ ಲೊಕೇಟರ್ (ಸ್ಥಳ ಸೂಚಿಸುವ ಸಂಕೇತ) ಮತ್ತು ಶಕ್ತಿ, ಇವು ಮೂರೂ ಸೇರಿ 50 ಬಿಟ್. ದೋಷ ತಿದ್ದುವ ಸಂಕೇತ ಸೇರಿಸಿ ಅದನ್ನು 162 ಚಿಹ್ನೆಗಳಾಗಿ ಹಿಗ್ಗಿಸಿ, ನಾಲ್ಕು ಸ್ವರಗಳಲ್ಲಿ 110.6 ಸೆಕೆಂಡ್ ಕಾಲ ಕಳುಹಿಸಲಾಗುತ್ತದೆ. 2500 ಹರ್ಟ್ಸ್ ಅಗಲದ ಗದ್ದಲಕ್ಕಿಂತ 28 ಡೆಸಿಬೆಲ್ ಕೆಳಗಿದ್ದರೂ ಅದು ಡಿಕೋಡ್ ಆಗುತ್ತದೆ. ಸ್ಪಷ್ಟವಾದ ಗೆರೆ ಕಾಣಿಸಿಯೂ ಹತ್ತು ದಿನ ಡಿಕೋಡ್ ಆಗಿಲ್ಲವೆಂದರೆ, ಕಳುಹಿಸುತ್ತಿರುವುದು ವಿಸ್ಪರ್‌ನ ಆಕಾರದಲ್ಲಿಲ್ಲ. ಶಕ್ತಿಯನ್ನು ಹತ್ತು ಪಟ್ಟು ಮಾಡಿದರೆ ಅದೇ ತಪ್ಪು ಆಕಾರ ಇನ್ನೂ ಪ್ರಕಾಶಮಾನವಾಗಿ ಕಾಣಿಸುತ್ತದೆ, ಅಷ್ಟೇ.

ಎರಡು ವಿಷಯ ತಿಳಿಸಿ. ಗೆಳೆಯರ ಪರದೆಯಲ್ಲಿ ಗೆರೆಯ ಅಗಲ ಎಷ್ಟು? ವಿಸ್ಪರ್ ಸುಮಾರು 6 ಹರ್ಟ್ಸ್ ಅಗಲವಿರಬೇಕು. ಹಾಗೆಯೇ, ಸಮಸಂಖ್ಯೆಯ ನಿಮಿಷ ಶುರುವಾದ ಎಷ್ಟು ಹೊತ್ತಿಗೆ ಗೆರೆ ಆರಂಭವಾಗುತ್ತದೆ? ಸರಿಯಾಗಿ 1 ಸೆಕೆಂಡಿಗೆ ಆರಂಭವಾಗಬೇಕು. ಒಂದೆರಡು ಸೆಕೆಂಡಿನ ವ್ಯತ್ಯಾಸವನ್ನು ಡಿಕೋಡರ್ ಸಹಿಸುತ್ತದೆ, ಅದಕ್ಕಿಂತ ಹೆಚ್ಚನ್ನು ಸಹಿಸುವುದಿಲ್ಲ.

ಸ್ವರಜೋಡಿ:

ನನಗೆ ಇನ್ನೊಂದು ಸಂದೇಹ ಬರುತ್ತಿದೆ. ಇಷ್ಟು ಗಿಡ್ಡ ಆಂಟೆನಾದ ಬ್ಯಾಂಡ್‌ವಿಡ್ತ್ ಬಹಳ ಕಿರಿದಾಗಿರುತ್ತದೆ ಎಂದು ಓದಿದ್ದೇನೆ. ನಾಲ್ಕು ಸ್ವರಗಳಲ್ಲಿ ಒಂದೆರಡನ್ನು ಆಂಟೆನಾವೇ ನುಂಗಿಬಿಡುತ್ತಿರಬಹುದಲ್ಲವೇ?

ತಾಮ್ರತಂತಿ:

ಒಳ್ಳೆಯ ಸಂದೇಹ, ಆದರೆ ಸಂಖ್ಯೆಗಳು ಅದನ್ನು ಒಪ್ಪುವುದಿಲ್ಲ. 5000 ಓಮ್ ಪ್ರತಿಘಾತವನ್ನು 60 ಓಮ್ ರೋಧದಿಂದ ಭಾಗಿಸಿದರೆ ಕ್ಯೂ (ಅನುರಣನ ಎಷ್ಟು ಚೂಪು ಎಂಬುದರ ಅಳತೆ) 80ರ ಸುತ್ತಮುತ್ತ ಬರುತ್ತದೆ. 137.5 ಕಿಲೋಹರ್ಟ್ಸನ್ನು ಅದರಿಂದ ಭಾಗಿಸಿದರೆ 1.6 ಕಿಲೋಹರ್ಟ್ಸ್‌ಗಿಂತ ಹೆಚ್ಚು ಅಗಲ ಸಿಗುತ್ತದೆ. ಧ್ವನಿ ಕಳುಹಿಸಲು ಅದು ಸಾಲದು, ಆದರೆ 6 ಹರ್ಟ್ಸ್‌ನ ವಿಸ್ಪರಿಗೆ ಅದು ಹೆದ್ದಾರಿಯಷ್ಟು ಅಗಲ. ಅರ್ತಿಂಗ್ ಸುಧಾರಿಸಿ ರೋಧ ಇಳಿದು ಈ ಅಗಲ ಕಿರಿದಾದರೂ ನಾಲ್ಕು ಸ್ವರಗಳು ಒಂದೇ ಸಮನಾಗಿ ಹೊರಡುತ್ತವೆ. ಬ್ಯಾಂಡ್‌ವಿಡ್ತ್ ಕಿರಿದಾಗುವುದರ ನಿಜವಾದ ತೊಂದರೆ ಬೇರೆ: ಮಳೆ ಬಂದಾಗ ಅಥವಾ ತಂತಿ ಗಾಳಿಗೆ ತೂಗಿದಾಗ ಧಾರಕತೆ ಒಂದು ಶೇಕಡಾ ಬದಲಾದರೂ ಅನುರಣನ ಸುಮಾರು 700 ಹರ್ಟ್ಸ್ ಸರಿಯುತ್ತದೆ. ಆಗ ಫೆಟ್‌ಗಳಿಗೆ ಬರಿಯ ರೋಧದ ಬದಲು ಪ್ರತಿಘಾತ ಎದುರಾಗುತ್ತದೆ, ಅವು ಬಿಸಿಯಾಗುತ್ತವೆ.

ಉದ್ದಲೆ:

ಹಳೆಯ ರಿಸೀವರ್ ಅವರು ಕೇಳಿದ್ದನ್ನು ನಿನ್ನೆ ರಾತ್ರಿ ಗೆಳೆಯರ ಜೊತೆ ಕುಳಿತು ಅಳೆದೆ. ಗೆರೆ ಸರಿಯಾಗಿ ನಿಮಿಷದ 1ನೇ ಸೆಕೆಂಡಿಗೆ ಆರಂಭವಾಗುತ್ತದೆ, 110 ಸೆಕೆಂಡಿನ ನಂತರ ನಿಲ್ಲುತ್ತದೆ. ಆದರೆ ಅಗಲ 6 ಹರ್ಟ್ಸ್ ಇಲ್ಲ. ವಾಟರ್‌ಫಾಲನ್ನು ಎಷ್ಟು ಹಿಗ್ಗಿಸಿದರೂ ಅದು 3 ಹರ್ಟ್ಸ್‌ನಷ್ಟೇ ಕಾಣುತ್ತದೆ. ಇದಕ್ಕೆ ಕಾರಣ ಏನೆಂದು ನನಗೆ ಹೊಳೆಯುತ್ತಿಲ್ಲ. ಮೈಕ್ರೋಕಂಟ್ರೋಲರ್‌ನ ಪ್ರೋಗ್ರಾಮಿನಲ್ಲಿ ಸ್ವರಗಳ ಅಂತರ 1.4648 ಹರ್ಟ್ಸ್ ಎಂದೇ ಬರೆದಿದ್ದೇನೆ, ಮೂರು ಬಾರಿ ಪರಿಶೀಲಿಸಿದ್ದೇನೆ.

ಹಳೆಯ ರಿಸೀವರ್:

ಡ್ರೈವರ್ ಹಂತದಲ್ಲಿ ಏನಿದೆ? ಎರಡು ಫೆಟ್‌ಗಳಿಗೆ ಪರಸ್ಪರ ವಿರುದ್ಧ ಫೇಸ್‌ನ ಸಿಗ್ನಲ್ ಎಲ್ಲಿಂದ ಬರುತ್ತದೆ?

ಉದ್ದಲೆ:

ಒಂದು 74ಎಚ್‌ಸಿ74 ಫ್ಲಿಪ್-ಫ್ಲಾಪ್ ಇದೆ. ಸಿಂಥಸೈಸರಿನಿಂದ 275 ಕಿಲೋಹರ್ಟ್ಸ್ ಹೊರಡುತ್ತದೆ, ಫ್ಲಿಪ್-ಫ್ಲಾಪ್ ಅದನ್ನು ಎರಡರಿಂದ ಭಾಗಿಸುತ್ತದೆ, ಅದರ ಎರಡು ಔಟ್‌ಪುಟ್‌ಗಳು ಗೇಟ್ ಡ್ರೈವರಿಗೆ ಹೋಗುತ್ತವೆ. ಎರಡೂ ಫೆಟ್‌ಗಳು ಕರಾರುವಾಕ್ಕಾಗಿ ಅರ್ಧರ್ಧ ಕಾಲ ಆನ್ ಆಗಿರಲಿ ಎಂದು ಹೀಗೆ ಮಾಡಿದೆ.

ಹಳೆಯ ರಿಸೀವರ್:

ತೊಂದರೆ ಅಲ್ಲೇ ಇದೆ. ಫ್ಲಿಪ್-ಫ್ಲಾಪ್ ವಾಹಕವನ್ನಷ್ಟೇ ಎರಡರಿಂದ ಭಾಗಿಸುವುದಿಲ್ಲ, ಸ್ವರಗಳ ನಡುವಿನ ಅಂತರವನ್ನೂ ಭಾಗಿಸುತ್ತದೆ. 275 ಕಿಲೋಹರ್ಟ್ಸ್‌ನಲ್ಲಿ ನೀವು 1.4648 ಹರ್ಟ್ಸ್ ಜಿಗಿದರೆ ಆಂಟೆನಾದಲ್ಲಿ ಅದು 0.7324 ಹರ್ಟ್ಸ್ ಜಿಗಿತ. ನಾಲ್ಕು ಸ್ವರಗಳ ಮೊದಲಿನಿಂದ ಕೊನೆಯವರೆಗೆ 4.39 ಹರ್ಟ್ಸ್ ಇರಬೇಕಾದದ್ದು 2.2 ಹರ್ಟ್ಸ್ ಆಗಿದೆ, ನಿಮ್ಮ ಗೆಳೆಯರು ಕಂಡ ಅಗಲಕ್ಕೂ ಇದು ಹೊಂದುತ್ತದೆ. ಪ್ರತಿ ಚಿಹ್ನೆ 0.683 ಸೆಕೆಂಡ್ ಇರುವುದರಿಂದ ಸ್ವರಗಳ ಅಂತರ ಅದರ ವಿಲೋಮವಾದ 1.4648 ಹರ್ಟ್ಸ್ ಇದ್ದರೆ ಮಾತ್ರ ಡಿಕೋಡರ್ ಒಂದು ಸ್ವರವನ್ನು ಪಕ್ಕದ ಸ್ವರದಿಂದ ಸ್ವಚ್ಛವಾಗಿ ಬೇರ್ಪಡಿಸಬಲ್ಲದು. ಅರ್ಧ ಅಂತರದಲ್ಲಿ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಡಿಕೋಡರ್ ಹುಡುಕುವ ಜಾಗದಲ್ಲಿ ಅವು ಇರುವುದೇ ಇಲ್ಲ.

ಕ್ಯೂಆರ್‌ಎಸ್‌ಎಸ್ ಏಕೆ ಸರಿಯಾಗಿ ಬಂತು ಎಂಬುದಕ್ಕೂ ಇದೇ ಉತ್ತರ. ಅದರಲ್ಲಿ ವಾಹಕ ಇದೆ ಅಥವಾ ಇಲ್ಲ ಎಂಬುದೇ ಸಂದೇಶ. ಅಲ್ಲಿ ಭಾಗಾಕಾರದಿಂದ ಹಾಳಾಗುವಂಥದ್ದು ಏನೂ ಇಲ್ಲ. ಹಾಗಾಗಿ ಆ ಪರೀಕ್ಷೆ ನಿಮ್ಮ ಯಂತ್ರಾಂಶ ಪೂರ್ತಿ ಸರಿಯಿದೆ ಎಂಬ ನಂಬಿಕೆ ಕೊಟ್ಟಿತು.

ಪ್ರೋಗ್ರಾಮಿನಲ್ಲಿ ಅಂತರವನ್ನು 2.9297 ಹರ್ಟ್ಸ್ ಮಾಡಿ. ಬದಲಾಯಿಸುವ ಮೊದಲು ಮತ್ತು ನಂತರ ಒಂದು ಸರಳ ಪರೀಕ್ಷೆ ಮಾಡುವುದು ಒಳ್ಳೆಯದು: ಸೊನ್ನೆಯ ಸ್ವರವನ್ನು ಒಂದು ನಿಮಿಷ ಬಿಡದೆ ಕಳುಹಿಸಿ, ನಂತರ ಮೂರನೆಯ ಸ್ವರವನ್ನು ಒಂದು ನಿಮಿಷ ಕಳುಹಿಸಿ, ಎರಡರ ನಡುವಿನ ವ್ಯತ್ಯಾಸವನ್ನು ಗೆಳೆಯರು ಅಳೆಯಲಿ.

ಉದ್ದಲೆ:

ನೀವು ಹೇಳಿದ ಪರೀಕ್ಷೆಯನ್ನೇ ಮೊದಲು ಮಾಡಿದೆ. ವ್ಯತ್ಯಾಸ 2.2 ಹರ್ಟ್ಸ್ ಬಂತು. ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಂಖ್ಯೆ ಬದಲಾಯಿಸಿ ಮತ್ತೆ ಅಳೆದಾಗ 4.4 ಹರ್ಟ್ಸ್ ಬಂತು. ಸಂಜೆ ಮುಂದಿನ ಸಮಸಂಖ್ಯೆಯ ನಿಮಿಷಕ್ಕಾಗಿ ಕಾದೆವು. ಎರಡು ನಿಮಿಷ ಕಳೆದು ಇನ್ನೂ ಹತ್ತು ಸೆಕೆಂಡ್ ಆಗಿರಲಿಲ್ಲ, ಗೆಳೆಯರು ಫೋನಿನಲ್ಲೇ ನನ್ನ ಕರೆಚಿಹ್ನೆಯನ್ನು ಓದಿ ಹೇಳಿದರು: ಮೈನಸ್ 9 ಡೆಸಿಬೆಲ್. ಡಿಕೋಡ್ ಆಗಲು ಬೇಕಾದದ್ದಕ್ಕಿಂತ ಸುಮಾರು 20 ಡೆಸಿಬೆಲ್ ಹೆಚ್ಚು ಸಿಗ್ನಲ್ ಹತ್ತು ದಿನಗಳಿಂದ ಅವರ ಮನೆಗೆ ತಲುಪುತ್ತಲೇ ಇತ್ತು. ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಅದೇ ರಾತ್ರಿ 700 ಕಿಲೋಮೀಟರ್ ದೂರದ ಕೇಂದ್ರವೊಂದರಿಂದ ಮೈನಸ್ 26ರಲ್ಲಿ ಎರಡು ಡಿಕೋಡ್ ಬಂದವು. ಬೆಳಗಿನ ನಂತರ ಅಲ್ಲಿಂದ ಏನೂ ಬರಲಿಲ್ಲ. ಈಗ ನನ್ನ ಮುಂದಿರುವ ನಿಜವಾದ ಪ್ರಶ್ನೆ ಇದು: ದೂರಕ್ಕೆ ಹೋಗಬೇಕಾದರೆ ಶಕ್ತಿ ಹೆಚ್ಚಿಸುವುದೋ, ಅರ್ತಿಂಗ್ ಸುಧಾರಿಸುವುದೋ, ಅಥವಾ ಇನ್ನೂ ನಿಧಾನವಾದ ಮೋಡ್‌ಗೆ ಹೋಗುವುದೋ?

ನಿಧಾನಮೋರ್ಸ್:

ಬೆಳಗಾದ ಮೇಲೆ ಏನೂ ಬಾರದಿರುವುದು ಸಹಜ. ರಾತ್ರಿ ದೀರ್ಘತರಂಗವು ಅಯಾನುಗೋಳದ ಕೆಳ ಅಂಚಿನಿಂದ, ಸುಮಾರು 90 ಕಿಲೋಮೀಟರ್ ಎತ್ತರದಿಂದ ಹಿಂತಿರುಗುತ್ತದೆ. ಸೂರ್ಯ ಹುಟ್ಟಿದೊಡನೆ ಅದರ ಕೆಳಗೆ ಡಿ ಪದರ ರೂಪುಗೊಂಡು ಸಿಗ್ನಲನ್ನು ಹೀರಿಕೊಳ್ಳುತ್ತದೆ. ಹಗಲಿನಲ್ಲಿ ನಿಮಗೆ ಮುಖ್ಯವಾಗಿ ಉಳಿಯುವುದು ನೆಲವನ್ನು ಅಂಟಿಕೊಂಡು ಹೋಗುವ ಅಲೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ನಿಧಾನವಾದ ಮೋಡ್‌ಗೆ ಹೋಗಿ. ಈ ಬ್ಯಾಂಡಿನಲ್ಲಿ ನಮಗೆ ಧಾರಾಳವಾಗಿ ಸಿಗುವುದು ಸಮಯ ಮಾತ್ರ. ಮೊದಲಿನವರು ಇದನ್ನು ನಿಧಾನ ಮೋರ್ಸಿನಿಂದಲೇ ಸಾಧಿಸಿದರು. ಕ್ಯೂಆರ್‌ಎಸ್‌ಎಸ್‌60ರಲ್ಲಿ ಒಂದು ಚುಕ್ಕೆ ಒಂದು ನಿಮಿಷ, ಒಂದು ಗೆರೆ ಮೂರು ನಿಮಿಷ. ಒಂದು ಕರೆಚಿಹ್ನೆ ಮುಗಿಯಲು ಸುಮಾರು ಒಂದು ಗಂಟೆ. ಚುಕ್ಕೆಗೂ ಗೆರೆಗೂ ಒಂದೇ ಅವಧಿ ಕೊಟ್ಟು ಎರಡನ್ನೂ ಎರಡು ಆವರ್ತನಗಳಿಂದ ಗುರುತಿಸುವ ಡಿಎಫ್‌ಸಿಡಬ್ಲ್ಯು ಬಂದ ಮೇಲೆ ಆ ಸಮಯ ಸಾಕಷ್ಟು ಇಳಿಯಿತು. ನಾನು ಎಷ್ಟೋ ರಾತ್ರಿ ಪರದೆಯ ಮೇಲೆ ಒಂದು ಅಕ್ಷರ ಮೂಡುವುದನ್ನು ನೋಡುತ್ತಾ ಕುಳಿತಿದ್ದೇನೆ. ಗದ್ದಲದ ಬೂದು ಬಣ್ಣದೊಳಗಿಂದ ಒಂದು ತೆಳು ಗೆರೆ ನಿಧಾನವಾಗಿ ಎಡಕ್ಕೆ ಸರಿಯುತ್ತಾ ಉದ್ದವಾಗುವುದನ್ನು ಕಾಣುವ ಸಂತೋಷ ಯಾವ ಡಿಕೋಡರಿನಿಂದಲೂ ಸಿಕ್ಕಿಲ್ಲ.

ಈಗಿನ ದಾರಿ ಎಫ್‌ಎಸ್‌ಟಿ4ಡಬ್ಲ್ಯು. ಹವ್ಯಾಸಿಗಳ ಡಿಜಿಟಲ್ ಮೋಡ್‌ಗಳ ತಂತ್ರಾಂಶವಾದ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ 2.3ನೇ ಆವೃತ್ತಿಯಲ್ಲಿ, 2021ರಲ್ಲಿ, ಇದನ್ನು 2200 ಮತ್ತು 630 ಮೀಟರ್ ಎಂಬ ಎರಡು ಕೆಳ ಬ್ಯಾಂಡ್‌ಗಳನ್ನೇ ಮನಸ್ಸಿನಲ್ಲಿಟ್ಟು ತಂದರು. ಸಂದೇಶ ವಿಸ್ಪರಿನಂತೆಯೇ 50 ಬಿಟ್. ಅವಧಿಯನ್ನು 120, 300, 900 ಅಥವಾ 1800 ಸೆಕೆಂಡ್ ಎಂದು ಆರಿಸಿಕೊಳ್ಳಬಹುದು. 120 ಸೆಕೆಂಡಿನದು ಮೈನಸ್ 32.8 ಡೆಸಿಬೆಲ್ ತನಕ ಓದುತ್ತದೆ, 1800 ಸೆಕೆಂಡಿನದು ಮೈನಸ್ 44.8 ತನಕ. ಎರಡರ ನಡುವೆ 12 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ 16 ಪಟ್ಟು. ನಿಮ್ಮ 40 ವ್ಯಾಟನ್ನು 640 ವ್ಯಾಟ್ ಮಾಡಿ, ಕಾಯಿಲಿನ ತಲೆಯಲ್ಲಿ 16,000 ವೋಲ್ಟ್ ನಿಲ್ಲಿಸಿ ಗಳಿಸುವುದನ್ನು ಈಗಿರುವ ಫೆಟ್‌ಗಳಿಂದಲೇ, ಅರ್ಧ ಗಂಟೆ ಕಾಯುವುದರಿಂದ ಗಳಿಸಬಹುದು.

ಬೆಲೆ ತೆರಬೇಕಾದದ್ದು ಸ್ಥಿರತೆಯಲ್ಲಿ. 1800 ಸೆಕೆಂಡಿನ ಮೋಡ್‌ನಲ್ಲಿ ಸ್ವರಗಳ ಅಂತರ 0.089 ಹರ್ಟ್ಸ್. 137.5 ಕಿಲೋಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗ ಎಂದರೆ 0.14 ಹರ್ಟ್ಸ್, ಅರ್ಧ ಗಂಟೆಯಲ್ಲಿ ಅಷ್ಟು ಸರಿದರೆ ಒಂದೂವರೆ ಸ್ವರದಷ್ಟು ಸರಿದಂತೆ. ಸಾಧಾರಣ ಕ್ರಿಸ್ಟಲ್ ಇದಕ್ಕೆ ಒಗ್ಗುವುದಿಲ್ಲ. ಆಕಾಶದಿಂದ ಮಾತ್ರ ಚಿಂತೆ ಕಡಿಮೆ: ಎತ್ತರದ ಆವರ್ತನಗಳಲ್ಲಿ ಅಯಾನುಗೋಳದ ಚಲನೆ ಇಂಥ ಸೂಕ್ಷ್ಮ ಅಂತರವನ್ನು ಕಲಸಿಬಿಡುತ್ತದೆ, ದೀರ್ಘತರಂಗದಲ್ಲಿ ಡಾಪ್ಲರ್ ಹರಡುವಿಕೆ ಅತಿ ಕಡಿಮೆ.

ಮಿಲಿಓಮ್:

ನಿಧಾನಮೋರ್ಸ್ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಅರ್ತಿಂಗನ್ನು ಬಿಟ್ಟುಬಿಡಬೇಡಿ. ಒಟ್ಟು ರೋಧವನ್ನು 60ರಿಂದ 30 ಓಮ್‌ಗೆ ಇಳಿಸಿದರೆ ಅದೇ 40 ವ್ಯಾಟ್ 1.15 ಆಂಪಿಯರ್ ಪ್ರವಾಹ ಕೊಡುತ್ತದೆ, ಇಐಆರ್‌ಪಿ ಎರಡು ಪಟ್ಟಾಗುತ್ತದೆ. ಈ 3 ಡೆಸಿಬೆಲ್ ಯಾವ ಮೋಡ್ ಬಳಸಿದರೂ ನಿಮ್ಮ ಜೊತೆಗಿರುತ್ತದೆ.

ನನ್ನ ಅನುಭವ ಹೇಳುತ್ತೇನೆ. ಒಂದೇ ಸರಳು ನೆಟ್ಟಿದ್ದಾಗ ಒಟ್ಟು ರೋಧ 95 ಓಮ್ ಇತ್ತು. ಇನ್ನೊಂದನ್ನು ಅದರ ಪಕ್ಕದಲ್ಲೇ ನೆಟ್ಟೆ, ಏನೂ ಬದಲಾಗಲಿಲ್ಲ, ಏಕೆಂದರೆ ಎರಡೂ ಅದೇ ಮಣ್ಣಿನಿಂದ ಪ್ರವಾಹ ಎಳೆಯುತ್ತಿದ್ದವು. ಅದನ್ನು ಕಿತ್ತು, ಅಡ್ಡ ತಂತಿಯ ಕೆಳಗೆ ಎಂಟು ಮೀಟರಿಗೊಂದರಂತೆ ನಾಲ್ಕು ಸರಳು ನೆಟ್ಟು ಎಲ್ಲವನ್ನೂ ದಪ್ಪ ತಾಮ್ರದ ತಂತಿಯಿಂದ ಕಾಯಿಲಿನ ಬುಡಕ್ಕೆ ತಂದಾಗ 62ಕ್ಕೆ ಇಳಿಯಿತು. ಆಮೇಲೆ ಆಂಟೆನಾಕ್ಕೆ ತಾಗುವಂತಿದ್ದ ಮರದ ಕೊಂಬೆಗಳನ್ನು ಸವರಿದೆ. ಅದೊಂದರಿಂದಲೇ 9 ಓಮ್ ಕಡಿಮೆಯಾಯಿತು. ಆಂಟೆನಾದ ವಿದ್ಯುತ್ ಕ್ಷೇತ್ರ ಹಸಿ ಎಲೆಗಳ ಮೂಲಕ ಹಾದು ನಷ್ಟವಾಗುತ್ತದೆ ಎಂಬುದನ್ನು ಓದಿದ್ದರೂ ಮೀಟರಿನ ಮುಳ್ಳು ಕದಲುವುದನ್ನು ಕಂಡ ಮೇಲೆಯೇ ಅದು ಮನಸ್ಸಿಗೆ ಇಳಿದದ್ದು.

ಕಾಯಿಲಿನ ವಿಷಯಕ್ಕೂ ಬರುತ್ತೇನೆ. ನಿಮ್ಮದು ಸುಮಾರು 6 ಮಿಲಿಹೆನ್ರಿ, ತಂತಿಯ ಉದ್ದ 180 ಮೀಟರ್ ಆಸುಪಾಸು ಇರಬೇಕು. ಈ ಆವರ್ತನದಲ್ಲಿ ಪ್ರವಾಹ ತಾಮ್ರದ ಮೇಲ್ಮೈಯಿಂದ 0.18 ಮಿಲಿಮೀಟರ್ ಆಳದಷ್ಟರಲ್ಲೇ ಹರಿಯುವುದರಿಂದ ದಪ್ಪ ಒಂಟಿ ತಂತಿಯ ಒಳಗಿನ ತಾಮ್ರ ದಂಡ. ಎಳೆ ಎಳೆಯಾಗಿ ಇನ್ಸುಲೇಶನ್ ಇರುವ ಲಿಟ್ಜ್ ತಂತಿಯಿಂದ ಸುತ್ತಿದರೆ ಕಾಯಿಲಿನ ನಷ್ಟ ಗಣನೀಯವಾಗಿ ಇಳಿಯುತ್ತದೆ. ಟ್ಯೂನ್ ಮಾಡಲು ಸುತ್ತುಗಳನ್ನು ಕಿತ್ತು ಸೇರಿಸುವ ಬದಲು ದೊಡ್ಡ ಕಾಯಿಲಿನ ಒಳಗೆ ತಿರುಗುವ ಚಿಕ್ಕ ಕಾಯಿಲನ್ನು ಸರಣಿಯಲ್ಲಿ ಇಟ್ಟು ವೇರಿಯೋಮೀಟರ್ ಮಾಡಿಕೊಳ್ಳಿ. ನಾನು ಅದಕ್ಕೆ ನಿಧಾನವಾಗಿ ತಿರುಗುವ ಗೇರ್ ಮೋಟರ್ ಕೂರಿಸಿ, ರೇಡಿಯೋ ಇಟ್ಟಿರುವ ಕೋಣೆಯಿಂದಲೇ ತಿರುಗಿಸುತ್ತೇನೆ. ಟ್ರಾನ್ಸ್‌ಮಿಟರಿನ ಔಟ್‌ಪುಟ್‌ನಲ್ಲಿ ವೋಲ್ಟೇಜನ್ನು ಆಸಿಲೋಸ್ಕೋಪಿನ ಒಂದು ಚಾನಲ್‌ಗೂ ಚಿಕ್ಕ ಟೊರಾಯ್ಡಿನಿಂದ ಪಡೆದ ಪ್ರವಾಹವನ್ನು ಇನ್ನೊಂದಕ್ಕೂ ಕೊಟ್ಟಿದ್ದೇನೆ. ಎರಡು ಅಲೆಗಳೂ ಒಂದೇ ಕ್ಷಣದಲ್ಲಿ ಸೊನ್ನೆ ದಾಟಿದರೆ ಅನುರಣನದಲ್ಲಿದೆ ಎಂದರ್ಥ. ಮಳೆ ಶುರುವಾದಾಗ ಪ್ರವಾಹದ ಅಲೆ ಹಿಂದೆ ಸರಿಯುವುದನ್ನು ಕಣ್ಣಾರೆ ನೋಡಬಹುದು.

ಒಂದು ರಾತ್ರಿ 2.5 ಆಂಪಿಯರಿನಲ್ಲಿ ಓಡಿಸುತ್ತಿದ್ದಾಗ ಅಡ್ಡ ತಂತಿಯ ದೂರದ ತುದಿಯಲ್ಲಿ ನೀಲಿ ಬೆಳಕು ಕಂಡಿತು. ಗಂಟು ಹಾಕಿ ಉಳಿದ ತಂತಿಯ ಚೂಪಾದ ಕೊನೆ ಅಲ್ಲಿ ಗಾಳಿಗೆ ವಿದ್ಯುತ್ ಸುರಿಸುತ್ತಿತ್ತು. ಅದನ್ನು ಬೆಳಗ್ಗೆ ಸರಿಪಡಿಸೋಣವೆಂದು ಬಿಟ್ಟೆ. ಬೆಳಗಾಗುವಷ್ಟರಲ್ಲಿ ನೈಲಾನ್ ಹಗ್ಗ ಕರಗಿ ಆಂಟೆನಾ ನೆಲದ ಮೇಲೆ ಬಿದ್ದಿತ್ತು. ಈಗ ಎಲ್ಲ ತುದಿಗಳನ್ನೂ ದುಂಡಗೆ ಬಾಗಿಸಿ, ನಯಗೊಳಿಸಿ ಬಿಡುತ್ತೇನೆ, ಇನ್ಸುಲೇಟರಿನ ನಂತರವೇ ಹಗ್ಗ ಕಟ್ಟುತ್ತೇನೆ.

ಸ್ವರಜೋಡಿ:

ಇದನ್ನೆಲ್ಲ ಓದಿದ ಮೇಲೆ ನನಗೆ 630 ಮೀಟರ್ ಬ್ಯಾಂಡೇ ಸುಲಭ ಎನ್ನಿಸುತ್ತಿದೆ. ಹೊಸಬರು ಅಲ್ಲಿಂದ ಶುರುಮಾಡುವುದು ಸರಿಯೇ?

ತಾಮ್ರತಂತಿ:

ನಿಮ್ಮ ಪರವಾನಗಿ ಅದಕ್ಕೆ ಅನುಮತಿ ಕೊಟ್ಟಿದ್ದರೆ ಖಂಡಿತ ಸರಿ. 2012ರ ಸಮ್ಮೇಳನದಲ್ಲಿ ಕೊಟ್ಟ 472ರಿಂದ 479 ಕಿಲೋಹರ್ಟ್ಸ್‌ನಲ್ಲಿ ಅದೇ ಕಂಬದ ವಿಕಿರಣ ರೋಧ ಸುಮಾರು ಹನ್ನೆರಡು ಪಟ್ಟು ಹೆಚ್ಚು, 0.3 ಓಮ್ ಮುಟ್ಟುತ್ತದೆ. ಸುಮಾರು 1.05 ಆಂಪಿಯರ್ ಹರಿದರೆ 1 ವ್ಯಾಟ್ ಇಐಆರ್‌ಪಿ ಸಿಗುತ್ತದೆ. 30 ಓಮ್ ಒಟ್ಟು ರೋಧವಿದ್ದರೆ ಅದಕ್ಕೆ 35 ವ್ಯಾಟ್ ಸಾಕು. ಕಾಯಿಲ್ ಕೂಡ ಹನ್ನೆರಡನೇ ಒಂದು ಭಾಗ, ಅರ್ಧ ಮಿಲಿಹೆನ್ರಿ. ಎರಡೂ ಬ್ಯಾಂಡ್‌ಗಳಲ್ಲಿ ನಾವು ದ್ವಿತೀಯಕ ಬಳಕೆದಾರರು, ಎಲ್ಲ ದೇಶಗಳೂ ಇವನ್ನು ಒಂದೇ ಷರತ್ತಿನಲ್ಲಿ ಕೊಟ್ಟಿಲ್ಲ, ಆದ್ದರಿಂದ ಮೊದಲು ನಿಮ್ಮ ನಿಯಮಗಳನ್ನು ಓದಿಕೊಳ್ಳಿ. ಕೇಳುವುದನ್ನು ಮಾತ್ರ ಇವತ್ತೇ ಶುರುಮಾಡಬಹುದು.

ಹಳೆಯ ರಿಸೀವರ್:

ಕೇಳುವುದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕಳುಹಿಸುವ ಆಂಟೆನಾದಿಂದಲೇ ಕೇಳಬೇಡಿ. ಮನೆಯಿಂದ ದೂರದಲ್ಲಿ ಒಂದು ಮೀಟರ್ ವ್ಯಾಸದ ಲೂಪ್ ಇಟ್ಟು, ಅದನ್ನು ತಿರುಗಿಸಿ, ಗದ್ದಲ ಕನಿಷ್ಠವಾಗುವ ದಿಕ್ಕಿನಲ್ಲಿ ನಿಲ್ಲಿಸಿ. ಸ್ವಿಚಿಂಗ್ ಪವರ್ ಸಪ್ಲೈಗಳು ಕೇಬಲ್ಲಿನ ಹೊರ ಮೈ ಮೇಲೆ ನಡೆದು ಬರುತ್ತವೆ. ಕೇಬಲ್ಲನ್ನು ಫೆರೈಟ್ ರಿಂಗಿಗೆ ಹತ್ತಾರು ಸುತ್ತು ಸುತ್ತಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಮನೆಯ ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯ ಮೇಲೆ ರಿಸೀವರ್ ನಡೆಸಿ ಒಮ್ಮೆ ಕೇಳಿದರೆ ಯಾವ ಗದ್ದಲ ನಿಮ್ಮದು, ಯಾವುದು ಹೊರಗಿನದು ಎಂದು ಗೊತ್ತಾಗುತ್ತದೆ. ದೂರದ ಮಿಂಚಿನ ಚಟಪಟ ಉಳಿಯುತ್ತದೆ. ಅದಕ್ಕೆ ಡಿಕೋಡರಿನ ನಾಯ್ಸ್ ಬ್ಲಾಂಕರನ್ನು ಹಂತ ಹಂತವಾಗಿ ಏರಿಸಿ ನೋಡಿ. ಮಧ್ಯಮತರಂಗದ ಪ್ರಸಾರ ಕೇಂದ್ರ ಹತ್ತಿರದಲ್ಲಿದ್ದರೆ ಲೋ-ಪಾಸ್ ಫಿಲ್ಟರ್ ಇಲ್ಲದೆ ಯಾವ ಪ್ರಯತ್ನವೂ ಫಲಿಸದು.

ಉದ್ದಲೆ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. 400 ವ್ಯಾಟ್ ಹಂತವನ್ನು ಕೈಬಿಟ್ಟೆ. ಅಡ್ಡ ತಂತಿಯ ಕೆಳಗೆ ಐದು ಸರಳು ನೆಟ್ಟೆ, ಒಟ್ಟು ರೋಧ 41 ಓಮ್‌ಗೆ ಇಳಿದಿದೆ, ಪ್ರವಾಹ ಸುಮಾರು 1 ಆಂಪಿಯರಿಗೆ ಏರಿದೆ. ಸಿಂಥಸೈಸರಿನ ಕ್ರಿಸ್ಟಲನ್ನು ತೆಗೆದು ಜಿಪಿಎಸ್‌ಗೆ ಬಿಗಿದ ಆಸಿಲೇಟರಿನಿಂದ ಅದಕ್ಕೆ ಆಧಾರ ಆವರ್ತನ ಕೊಟ್ಟಿದ್ದೇನೆ. ಎಫ್‌ಎಸ್‌ಟಿ4ಡಬ್ಲ್ಯುನ 160 ಚಿಹ್ನೆಗಳನ್ನು ಮೈಕ್ರೋಕಂಟ್ರೋಲರಿನಲ್ಲಿ ಕೂಡಿಟ್ಟು, ಈ ಬಾರಿ ಸ್ವರಗಳ ಅಂತರವನ್ನು ಮೊದಲೇ ಎರಡರಿಂದ ಗುಣಿಸಿದೆ. ಸಿಂಥಸೈಸರ್ 275 ಕಿಲೋಹರ್ಟ್ಸ್‌ನಲ್ಲಿ ಇಡಬಲ್ಲ ಅತಿ ಚಿಕ್ಕ ಹೆಜ್ಜೆ ಸುಮಾರು 0.011 ಹರ್ಟ್ಸ್; ಫ್ಲಿಪ್-ಫ್ಲಾಪ್ ಅದನ್ನೂ ಅರ್ಧ ಮಾಡುವುದರಿಂದ ಆಂಟೆನಾದಲ್ಲಿ 0.0055 ಹರ್ಟ್ಸ್ ಆಗುತ್ತದೆ. ಮೊದಲು ತೊಂದರೆ ಕೊಟ್ಟ ಭಾಗಾಕಾರವೇ 0.089 ಹರ್ಟ್ಸ್ ಅಂತರವನ್ನು ನಿಖರವಾಗಿ ಹಿಡಿಯಲು ಈಗ ನೆರವಾಗುತ್ತಿದೆ.

ಮೊನ್ನೆ ರಾತ್ರಿ 300 ಸೆಕೆಂಡಿನ ಮೋಡ್‌ನಿಂದ ಶುರುಮಾಡಿ, ನಡುರಾತ್ರಿಯ ನಂತರ 1800ಕ್ಕೆ ಬದಲಾಯಿಸಿದೆ. 700 ಕಿಲೋಮೀಟರಿನ ಕೇಂದ್ರ ಪ್ರತಿ ಬಾರಿಯೂ ಓದಿತು. ಬೆಳಗಿನ ಜಾವ ನಾಲ್ಕೂವರೆಗೆ ಶುರುವಾದ ಪ್ರಸಾರವನ್ನು 1900 ಕಿಲೋಮೀಟರ್ ದೂರದ ಕೇಂದ್ರವೊಂದು ಮೈನಸ್ 39ರಲ್ಲಿ ಡಿಕೋಡ್ ಮಾಡಿತು. ಐದಕ್ಕೆ ಶುರುವಾದದ್ದು ಮೈನಸ್ 42. ಐದೂವರೆಯದರ ಅರ್ಧದಲ್ಲಿ ಆ ಕೇಂದ್ರಕ್ಕೆ ಬೆಳಗಾಯಿತು, ಅದು ಡಿಕೋಡ್ ಆಗಲಿಲ್ಲ. ಗೆಳೆಯರು ಅದೇ ಅವಧಿಯ ಆಡಿಯೋವನ್ನು ರೆಕಾರ್ಡ್ ಮಾಡಿಟ್ಟಿದ್ದಾರೆ. 1 ಸೆಕೆಂಡೂ ಬಿಡದೆ ಪೂರ್ತಿ ಅರ್ಧ ಗಂಟೆ ಪ್ರವಾಹ ಕದಲದೆ ನಿಂತಿತ್ತೇ ಎಂಬುದನ್ನು ಅದರಲ್ಲಿ ನೋಡಿಕೊಂಡು ಇಂದು ರಾತ್ರಿ ಮತ್ತೆ ಹಾಕುತ್ತೇನೆ. ವೇರಿಯೋಮೀಟರಿಗೆ ಮೋಟರ್ ಇನ್ನೂ ಕೂರಿಸಿಲ್ಲ, ಮೋಡ ಕವಿದಿದೆ, ಆದ್ದರಿಂದ ಆಸಿಲೋಸ್ಕೋಪಿನ ಮುಂದೆಯೇ ಕುಳಿತಿರುತ್ತೇನೆ.